ಅಧ್ಯಾಪಕರ ಡೈರೆಕ್ಟರಿಗೆ ಯಾವುದು ಸರಿ: ಶೀಟಾ, ವೆಬ್‌ಸೈಟಾ, ದೊಡ್ಡ ಸಾಫ್ಟ್‌ವೇರಾ?

ಪಿಎಚ್‌ಡಿಗೆ ಗೈಡ್ ಹುಡುಕುತ್ತಿದ್ದ ಒಬ್ಬ ಹುಡುಗಿ, ನಾನು ನೋಡಿಕೊಳ್ಳುತ್ತಿದ್ದ ಡೈರೆಕ್ಟರಿಯಲ್ಲಿ ಒಬ್ಬರು ಪ್ರೊಫೆಸರ್ ಹೆಸರು ನೋಡಿ, ಅವರ ನಾಲ್ಕು ಪೇಪರ್ ಓದಿ, ಎರಡು ಪುಟದ ಮೇಲ್ ಬರೆದಿದ್ದಳು. ಉತ್ತರ ಬರಲಿಲ್ಲ. ತಿಂಗಳು ಕಾದು ನನಗೆ ಬರೆದಳು: ಸರ್ ರಜೆಯಲ್ಲಿ ಇದ್ದಾರಾ? ಸರ್ ರಿಟೈರ್ ಆಗಿ ಎರಡು ವರ್ಷ ಆಗಿತ್ತು. ನಮ್ಮ ಪುಟದಲ್ಲಿ ಮಾತ್ರ ಅವರು ಇನ್ನೂ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದರು.

ಆ ಪುಟ ನೋಡೋಕೆ ಚೆನ್ನಾಗಿಯೇ ಇತ್ತು. ಫೋಟೋ ಇತ್ತು, ಫೋನಿನಲ್ಲಿ ನೀಟಾಗಿ ಕಾಣುತ್ತಿತ್ತು, ಹುಡುಕಿದರೆ ಸಿಗುತ್ತಿತ್ತು. ಹಾಗಾಗಿ ಯಾರಾದರೂ "ಡೈರೆಕ್ಟರಿ ಮಾಡಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು" ಅಂತ ಕೇಳಿದರೆ ನಾನು ಮೊದಲು ಸಾಫ್ಟ್‌ವೇರ್ ಮಾತೇ ಎತ್ತುವುದಿಲ್ಲ. ಒಬ್ಬರು ಕೆಲಸ ಬಿಟ್ಟ ದಿನ ಆ ಸುದ್ದಿ ಡೈರೆಕ್ಟರಿಗೆ ಯಾವ ದಾರಿಯಲ್ಲಿ ಬರುತ್ತದೆ ಅಂತ ಕೇಳುತ್ತೇನೆ. ಅದಕ್ಕೆ ಉತ್ತರ ಇಲ್ಲ ಅಂದರೆ ಮುಂದೆ ಹೇಳುವುದರಲ್ಲಿ ಯಾವುದನ್ನು ಆರಿಸಿಕೊಂಡರೂ ಎರಡನೇ ವರ್ಷಕ್ಕೆ ಹಳಸುತ್ತದೆ.

ಮೂರು ಥರದ ಮಾಹಿತಿ

ಒಬ್ಬರ ಪುಟದಲ್ಲಿ ಇರುವುದೆಲ್ಲ ಒಂದೇ ಥರದ್ದಲ್ಲ. ಹೆಸರು, ಹುದ್ದೆ, ವಿಭಾಗ, ಮೇಲ್ ವಿಳಾಸ, ಇವೆಲ್ಲ ಆಡಳಿತ ಕಚೇರಿಗೆ ಗೊತ್ತಿರುವ ವಿಷಯ. ಸಂಬಳ ಆಗಬೇಕಲ್ಲ, ಹಾಗಾಗಿ ಯಾರು ಸೇರಿದರು, ಯಾರು ಹೋದರು, ಯಾರಿಗೆ ಬಡ್ತಿ ಸಿಕ್ಕಿತು ಅನ್ನುವುದು ಅಲ್ಲಿ ಸರಿಯಾಗಿಯೇ ಇರುತ್ತದೆ. ಎರಡನೆಯದು ಪ್ರಕಟಣೆಗಳು. ಪೇಪರಿಗೆ ಡಿಒಐ, ಅಂದರೆ ಆನ್‌ಲೈನಿನಲ್ಲಿ ಬದಲಾಗದ ಗುರುತಿನ ಸಂಖ್ಯೆ, ಇದ್ದರೆ ಅದರ ಹೆಸರು, ಲೇಖಕರು, ವರ್ಷ ಎಲ್ಲ ಆಗಲೇ ಬೇರೆಲ್ಲೋ ದಾಖಲಾಗಿರುತ್ತದೆ, ನಾವು ಮತ್ತೆ ಟೈಪ್ ಮಾಡುವ ಅಗತ್ಯವೇ ಇಲ್ಲ. ಮೂರನೆಯದು ಆ ವ್ಯಕ್ತಿಯ ತಲೆಯಲ್ಲಿ ಮಾತ್ರ ಇರುವುದು: ಈಗ ಯಾವ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ, ಈ ವರ್ಷ ವಿದ್ಯಾರ್ಥಿಗಳು ಬೇಕಾ, ಪತ್ರಕರ್ತರು ಫೋನ್ ಮಾಡಿದರೆ ಮಾತಾಡುತ್ತಾರಾ.

ಈ ಮೂರನ್ನೂ ಒಂದೇ ಫಾರ್ಮಿಗೆ ತುರುಕಿ, ಎಲ್ಲರಿಗೂ ಒಂದೊಂದು ಲಾಗಿನ್ ಕೊಟ್ಟು, "ನೀವೇ ತುಂಬಿಕೊಳ್ಳಿ" ಅನ್ನುವುದೇ ಬಹಳ ಕಡೆ ಆಗುವ ಎಡವಟ್ಟು. ಮೊದಲ ವಾರ ನಾಲ್ಕು ಜನ ಉತ್ಸಾಹದಿಂದ ತುಂಬುತ್ತಾರೆ. ಉಳಿದವರಿಗೆ ಪಾಸ್‌ವರ್ಡ್ ಮರೆತಿರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ, ಅದೇ ಪೇಪರ್ ಪಟ್ಟಿಯನ್ನು ಅವರು ಅನುದಾನದ ಅರ್ಜಿಗೊಮ್ಮೆ, ಬಡ್ತಿಯ ಅರ್ಜಿಗೊಮ್ಮೆ, ವಾರ್ಷಿಕ ವರದಿಗೊಮ್ಮೆ ಬರೆದು ಬರೆದು ಸುಸ್ತಾಗಿರುತ್ತಾರೆ.

ಶೀಟ್ ಮತ್ತು ಸಾದಾ ಪುಟಗಳು

ಐವತ್ತು ಅರವತ್ತು ಜನರೊಳಗಿನ ವಿಭಾಗವಾದರೆ ನನ್ನ ಮೊದಲ ಸಲಹೆ ಸ್ಪ್ರೆಡ್‌ಶೀಟ್. ಒಬ್ಬರಿಗೆ ಒಂದು ಸಾಲು, ಅದರಿಂದ ಹ್ಯೂಗೋ ಅಥವಾ ಜೆಕಿಲ್ ಥರದ ಟೂಲ್ ಬಳಸಿ ಸಾದಾ ಎಚ್‌ಟಿಎಂಎಲ್ ಪುಟಗಳನ್ನು ಹುಟ್ಟಿಸುವುದು. ಡೇಟಾಬೇಸ್ ಇಲ್ಲ, ಹ್ಯಾಕ್ ಆಗುವ ಭಯ ಕಡಿಮೆ, ಹೋಸ್ಟಿಂಗ್ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಾಳೆ ಬೇರೆ ಸಾಫ್ಟ್‌ವೇರಿಗೆ ಹೋಗಬೇಕಾದರೂ ಶೀಟ್ ಹೊತ್ತುಕೊಂಡು ಹೋದರೆ ಮುಗಿಯಿತು.

ಇದು ಬಡವರ ದಾರಿ ಅಂತ ಮೂಗು ಮುರಿಯಬೇಡಿ. ಕಂಪ್ಯೂಟರ್ ಸೈನ್ಸ್ ವಿಭಾಗಗಳನ್ನು ಹೋಲಿಸುವ ಸಿಎಸ್‌ರ‍್ಯಾಂಕಿಂಗ್ಸ್ ನಡೆಯುವುದು ಸಿಎಸ್‌ವಿ ಫೈಲುಗಳ ಮೇಲೆ, ಅಂದರೆ ಶೀಟಿನ ಸಾಲುಗಳನ್ನು ಅಲ್ಪವಿರಾಮ ಹಾಕಿ ಬರೆದಿಟ್ಟ ಸಾದಾ ಫೈಲುಗಳ ಮೇಲೆ. ಅಧ್ಯಾಪಕರ ಹೆಸರು, ಸಂಸ್ಥೆ, ಹೋಮ್‌ಪೇಜ್, ಗೂಗಲ್ ಸ್ಕಾಲರ್ ಐಡಿ ಎಲ್ಲ ಗಿಟ್‌ಹಬ್‌ನಲ್ಲಿ (ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನುವ ಟೂಲ್ ಮೇಲೆ ನಡೆಯುವ ತಾಣ) ಬಹಿರಂಗವಾಗಿ ಇವೆ. ತಪ್ಪು ಕಂಡವರು ತಿದ್ದಿ ಕಳಿಸುತ್ತಾರೆ, ನೋಡಿಕೊಳ್ಳುವವರು ಪರಿಶೀಲಿಸಿ ಸೇರಿಸುತ್ತಾರೆ. ಯಾರು ಯಾವಾಗ ಏನು ಬದಲಿಸಿದರು ಅನ್ನುವ ಇತಿಹಾಸವೂ ಉಳಿಯುತ್ತದೆ. ಆದರೆ ಅಲ್ಲಿ ತಿದ್ದುವವರು ಕೋಡ್ ಬರೆಯುವ ಜನ ಅನ್ನುವುದು ನೆನಪಿರಲಿ. ಇತಿಹಾಸ ವಿಭಾಗದ ಕ್ಲರ್ಕಿಗೆ ಗಿಟ್ ಕಲಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ, ಅವರಿಗೆ ಗೂಗಲ್ ಶೀಟ್ ಸಾಕು.

ಶೀಟಿನಲ್ಲಿ ಎರಡು ಗುಂಡಿಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಆರ್ಕಿಡ್ ಐಡಿ, ಅಂದರೆ ಸಂಶೋಧಕರಿಗೆ ಕೊಡುವ ಗುರುತಿನ ಸಂಖ್ಯೆ, 16 ಅಂಕಿಯದು, ಶುರುವಾಗುವುದು ಸೊನ್ನೆಗಳಿಂದ. ನಡುವಿನ ಗೆರೆಗಳನ್ನು ತೆಗೆದು ಎಕ್ಸೆಲ್‌ಗೆ ಹಾಕಿದರೆ ಅದು ಸಂಖ್ಯೆ ಅಂದುಕೊಳ್ಳುತ್ತದೆ, ಮೊದಲಿರುವ ಸೊನ್ನೆಗಳನ್ನೆಲ್ಲ ತೆಗೆದುಬಿಡುತ್ತದೆ. ಕೆಲವರ ಐಡಿ ಮಾತ್ರ ಹಾಗೇ ಉಳಿಯುತ್ತದೆ, ಯಾಕೆಂದರೆ ಅವರ ಕೊನೆಯ ಅಕ್ಷರ ಎಕ್ಸ್. ಯಾಕೆ ಕೆಲವರ ಲಿಂಕ್ ಸರಿ, ಕೆಲವರದ್ದು ತಪ್ಪು ಅಂತ ಒಂದು ಇಡೀ ಮಧ್ಯಾಹ್ನ ತಲೆ ಕೆರೆದುಕೊಂಡಿದ್ದೆ. ಗೆರೆ ಸಮೇತ ಹಾಕಿ, ಕಾಲಂ ಅನ್ನು ಟೆಕ್ಸ್ಟ್ ಮಾಡಿ ಇಡಿ. ಇನ್ನೊಂದು ಗುಂಡಿ, ಇಂಗ್ಲಿಷ್ ಅಲ್ಲದ ಲಿಪಿಯ ಹೆಸರುಗಳಿರುವ ಸಿಎಸ್‌ವಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದು. ಹೆಸರೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಕೂತಿರುತ್ತವೆ. ಯೂನಿಕೋಡ್ ಅಂತ ಹೇಳಿ ಇಂಪೋರ್ಟ್ ಮಾಡಬೇಕು.

ವರ್ಡ್‌ಪ್ರೆಸ್, ಡ್ರುಪಲ್

ಇವೆರಡೂ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್‌ಗಳು. ವಿಶ್ವವಿದ್ಯಾಲಯದ ಮುಖ್ಯ ವೆಬ್‌ಸೈಟ್ ಆಗಲೇ ಇವುಗಳಲ್ಲಿ ಒಂದರಲ್ಲಿ ಇದ್ದರೆ ಡೈರೆಕ್ಟರಿಯನ್ನೂ ಅಲ್ಲೇ ಮಾಡುವುದು ಸಹಜ. ಡ್ರುಪಲ್ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ವ್ಯಕ್ತಿ, ವಿಭಾಗ, ವಿಷಯ ಅಂತ ಬೇರೆ ಬೇರೆ ಮಾಡಿ ಒಂದಕ್ಕೊಂದು ಜೋಡಿಸಬಹುದು. "ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ" ಅನ್ನುವ ಪಟ್ಟಿ ತಾನಾಗಿ ಬರುತ್ತದೆ. ವರ್ಡ್‌ಪ್ರೆಸ್‌ನಲ್ಲೂ ಆಗುತ್ತದೆ, ಆದರೆ ಪ್ಲಗಿನ್ ಮೇಲೆ ಪ್ಲಗಿನ್ ಹಾಕಬೇಕಾಗುತ್ತದೆ, ಮೂರು ವರ್ಷದ ನಂತರ ಅದರಲ್ಲಿ ಯಾವುದನ್ನೋ ಬರೆದವರೇ ಕೈಬಿಟ್ಟಿರುತ್ತಾರೆ.

ಖರ್ಚು ಲೆಕ್ಕ ಹಾಕುವಾಗ ಕಟ್ಟುವುದಕ್ಕಿಂತ ಅಪ್‌ಗ್ರೇಡ್ ಮಾಡುವುದನ್ನು ಲೆಕ್ಕ ಹಾಕಿ. ಡ್ರುಪಲ್ 7ಕ್ಕೆ 2025ರ ಜನವರಿಯಲ್ಲಿ ಬೆಂಬಲ ನಿಂತಿತು. ಅದರಿಂದ ಮುಂದಿನ ಆವೃತ್ತಿಗಳಿಗೆ ಹೋಗುವುದು ಒಂದು ಬಟನ್ ಒತ್ತುವ ಕೆಲಸ ಅಲ್ಲ, ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದ ಹಾಗೆ. ಕಟ್ಟುವಾಗ ಹಣ ಕೊಟ್ಟವರು ಇದಕ್ಕೂ ಕೊಡುತ್ತಾರಾ ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ.

ಪೇಪರ್ ಪಟ್ಟಿ ಎಲ್ಲಿಂದ ತರುವುದು

ಶೀಟ್ ಇರಲಿ, ಡ್ರುಪಲ್ ಇರಲಿ, ಪ್ರಕಟಣೆಗಳ ಪಟ್ಟಿಯನ್ನು ಕೈಯಲ್ಲಿ ತುಂಬಬೇಡಿ. ಹೊರಗಿನಿಂದ ಎಳೆದುಕೊಳ್ಳಿ. ಎಲ್ಲಿಂದ ಅನ್ನುವುದೇ ನಿಜವಾದ ಆಯ್ಕೆ, ಇಲ್ಲಿ ಸ್ವಲ್ಪ ನಿಧಾನಿಸೋಣ.

ಎಲ್ಲರ ಬಾಯಲ್ಲೂ ಮೊದಲು ಬರುವುದು ಗೂಗಲ್ ಸ್ಕಾಲರ್. ಬೇರೆಲ್ಲೂ ಸಿಗದ ಪುಸ್ತಕ, ವರದಿ, ಪ್ರಬಂಧ ಅಲ್ಲಿ ಸಿಗುತ್ತದೆ, ಪ್ರೊಫೈಲ್ ಬಹಳ ಜನರಿಗೆ ಆಗಲೇ ಇರುತ್ತದೆ. ತೊಂದರೆ ಏನಂದರೆ ಅದಕ್ಕೆ ಅಧಿಕೃತ ಎಪಿಐ, ಅಂದರೆ ನಮ್ಮ ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳಿ ಪಡೆಯುವ ದಾರಿ, ಇಲ್ಲ. ಕದ್ದು ಕೆರೆದು ತೆಗೆಯುವ ಸ್ಕ್ರಿಪ್ಟ್‌ಗಳು ಕೆಲವು ದಿನ ಓಡುತ್ತವೆ, ಆಮೇಲೆ "ನೀವು ರೋಬೋಟ್ ಅಲ್ವಾ?" ಅಂತ ಚಿತ್ರ ತೋರಿಸಿ ನಿಲ್ಲಿಸುತ್ತದೆ. ಅದರ ಮೇಲೆ ಡೈರೆಕ್ಟರಿ ಕಟ್ಟಬೇಡಿ. ಪ್ರೊಫೈಲಿಗೆ ಒಂದು ಲಿಂಕ್ ಕೊಡಿ, ಸಾಕು.

ಆರ್ಕಿಡ್ 2012ರಲ್ಲಿ ಶುರುವಾಯಿತು. ಇಲ್ಲಿ ದಾಖಲೆ ಸಂಶೋಧಕರದ್ದೇ, ಸಂಸ್ಥೆಯದ್ದಲ್ಲ. ಏನು ಎಲ್ಲರಿಗೂ ಕಾಣಬೇಕು, ಏನು ಬೇಡ ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ, ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೂ ಐಡಿ ಅದೇ. ಬಹಿರಂಗವಾಗಿ ಇಟ್ಟದ್ದನ್ನು ಎಪಿಐ ಮೂಲಕ ಉಚಿತವಾಗಿ ಓದಬಹುದು. ಅವರ ಒಪ್ಪಿಗೆ ಪಡೆದು ನಮ್ಮ ಕಡೆಯಿಂದ ಅದರೊಳಗೆ ಬರೆಯಬೇಕಾದರೆ ಸಂಸ್ಥೆ ಸದಸ್ಯತ್ವ ತೆಗೆದುಕೊಳ್ಳಬೇಕು, ಅದಕ್ಕೆ ದುಡ್ಡು. ಇದರ ಕೊರತೆ ಒಂದೇ ಮಾತಲ್ಲಿ ಹೇಳಬಹುದು: ಖಾಲಿ ದಾಖಲೆಗಳು. ಯಾವುದೋ ಪತ್ರಿಕೆ ಕೇಳಿತು ಅಂತ ಐಡಿ ಮಾಡಿಸಿ, ಆಮೇಲೆ ಅತ್ತ ತಿರುಗಿಯೂ ನೋಡದವರು ಬೇಕಾದಷ್ಟು ಜನ. ಆದರೆ ಒಂದು ಉಪಾಯ ಇದೆ. ಆರ್ಕಿಡ್ ಒಳಗೆ ಹೋಗಿ, ಡಿಒಐಗಳನ್ನು ದಾಖಲಿಸುವ ಕ್ರಾಸ್‌ರೆಫ್‌ಗೆ ಒಮ್ಮೆ ಅನುಮತಿ ಕೊಟ್ಟು, ಪೇಪರ್ ಕಳಿಸುವಾಗ ಐಡಿ ನಮೂದಿಸುತ್ತಾ ಹೋದರೆ, ಪ್ರಕಾಶಕರು ಅದನ್ನು ಡಿಒಐ ಜೊತೆ ದಾಖಲಿಸಿದಾಗ ಹೊಸ ಪೇಪರ್ ತಾನಾಗಿ ಬಂದು ಸೇರುತ್ತದೆ. ಇದನ್ನು ಮಾಡಿಸಲು ನಾನು ಲ್ಯಾಪ್‌ಟಾಪ್ ಹಿಡಿದು ಒಬ್ಬೊಬ್ಬರ ಕೊಠಡಿಗೂ ಹೋಗಿದ್ದೇನೆ. ತಲೆಗೆ ಹತ್ತು ನಿಮಿಷ. ನಾಲ್ಕು ಸುತ್ತೋಲೆ ಮಾಡದ ಕೆಲಸ ಅದು ಮಾಡಿತು.

ಪೇಪರ್‌ಗಳ ದೊಡ್ಡ ಮುಕ್ತ ಪಟ್ಟಿಯಾದ ಓಪನ್‌ಅಲೆಕ್ಸ್ ಇದಕ್ಕೆ ತದ್ವಿರುದ್ಧ. ಯಾರೂ ಏನೂ ತುಂಬಬೇಕಿಲ್ಲ, ಎಲ್ಲ ಯಂತ್ರವೇ ಗುಡ್ಡೆ ಹಾಕಿರುತ್ತದೆ, ಡೇಟಾ ಯಾರು ಬೇಕಾದರೂ ಬಳಸಬಹುದು. ಇಂಥದ್ದೇ ಪಟ್ಟಿಯಾಗಿದ್ದ ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ಬಾಗಿಲು ಹಾಕಿತು, ಅದರ ಜಾಗ ತುಂಬಲು 2022ರ ಜನವರಿಯಲ್ಲಿ ಇದು ಬಂತು. ಹೊರಗಿನ ಒಂದೇ ಮೂಲವನ್ನು ನಂಬಿ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಆ ಕಥೆಯೇ ಸಾಕು. ಓಪನ್‌ಅಲೆಕ್ಸ್‌ನ ತಲೆನೋವು ಹೆಸರುಗಳದ್ದು. ಒಂದೇ ಹೆಸರಿನ ಇಬ್ಬರನ್ನು ಒಬ್ಬರನ್ನಾಗಿ ಮಾಡುತ್ತದೆ, ಒಬ್ಬರನ್ನೇ ಇಬ್ಬರನ್ನಾಗಿ ಒಡೆಯುತ್ತದೆ. ನಾವು ಹೆಸರಿನ ಮೇಲೆ ಹುಡುಕಿ ಎಳೆದುಕೊಂಡ ಮೊದಲ ದಿನ, ಹಳೆಯ ಶಾಸನಗಳ ಮೇಲೆ ಕೆಲಸ ಮಾಡುವ ಮೇಡಂ ಪುಟದಲ್ಲಿ ಕ್ಯಾನ್ಸರ್ ಕೋಶಗಳ ಬಗ್ಗೆ ಹನ್ನೊಂದು ಪೇಪರ್ ಕಾಣಿಸಿಕೊಂಡವು. ಅವರು ನಕ್ಕರು, ಪುಣ್ಯ. ವಿಭಾಗದ ಮುಖ್ಯಸ್ಥರು ನಗಲಿಲ್ಲ. ಅವತ್ತಿನಿಂದ ಹೆಸರಿನ ಮೇಲೆ ಹುಡುಕುವುದನ್ನು ಬಿಟ್ಟೆವು, ಆರ್ಕಿಡ್ ಐಡಿ ಕೊಟ್ಟು ಹುಡುಕುತ್ತೇವೆ, ಬಂದದ್ದನ್ನು ಒಬ್ಬ ಮನುಷ್ಯ ಕಣ್ಣಾಡಿಸದೆ ಪುಟಕ್ಕೆ ಬಿಡುವುದಿಲ್ಲ.

ಹೆಸರಿನ ಗೋಜಲು ಎಂಥದ್ದು ಅಂತ ನೋಡಬೇಕಾದರೆ ಡಿಬಿಎಲ್‌ಪಿ ನೋಡಿ. 1993ರಿಂದ ನಡೆಯುತ್ತಿರುವ ಈ ಪಟ್ಟಿಗೆ ಕಂಪ್ಯೂಟರ್ ಸೈನ್ಸ್ ಒಂದೇ ವಿಷಯ, ಆದರೂ ಒಂದೇ ಹೆಸರಿನವರನ್ನು ಬೇರೆ ಮಾಡಲು ಹೆಸರಿನ ಕೊನೆಗೆ 0001, 0002 ಅಂತ ನಾಲ್ಕಂಕಿ ಹಾಕಬೇಕಾಗಿ ಬಂದಿದೆ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ, ಮದುವೆಯಾದ ಮೇಲೆ ಬದಲಾದ ಹೆಸರು, ಇಂಗ್ಲಿಷಿಗೆ ಬರೆಯುವಾಗ ಮೂರು ಥರದ ಸ್ಪೆಲ್ಲಿಂಗ್. ಇದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಬಿಡಿಸಿಲ್ಲ.

ಸ್ಕೋಪಸ್, ವೆಬ್ ಆಫ್ ಸೈನ್ಸ್ ಎರಡೂ ಚಂದಾ ಕೊಟ್ಟು ಬಳಸುವಂಥ ಪೇಪರ್ ಪಟ್ಟಿಗಳು. ಲೈಬ್ರರಿ ಆಗಲೇ ಚಂದಾ ಕಟ್ಟುತ್ತಿದ್ದರೆ ಬಳಸಬಹುದು. ಆದರೆ ಅಲ್ಲಿಂದ ತೆಗೆದದ್ದನ್ನು ಬಹಿರಂಗ ಪುಟದಲ್ಲಿ ಎಷ್ಟು ತೋರಿಸಲು ಒಪ್ಪಂದ ಬಿಡುತ್ತದೆ ಅಂತ ಲೈಬ್ರರಿಯವರ ಹತ್ತಿರ ಮೊದಲೇ ಕೇಳಿ.

ಒಂದು ಮಾತು ಮಾತ್ರ ಜೋರಾಗಿ ಹೇಳಬೇಕು. ಈ ಎಲ್ಲ ಮೂಲಗಳಲ್ಲೂ ವಿಜ್ಞಾನದವರು, ಇಂಗ್ಲಿಷಿನಲ್ಲಿ ಬರೆಯುವವರು ತುಂಬಿರುತ್ತಾರೆ. ಸಾಹಿತ್ಯ, ಇತಿಹಾಸ, ಕಾನೂನು, ಸಂಗೀತದವರ ಪುಸ್ತಕಗಳು, ಇಂಗ್ಲಿಷ್ ಅಲ್ಲದ ಭಾಷೆಯ ಲೇಖನಗಳು, ಡಿಒಐ ಇಲ್ಲದ ಸಣ್ಣ ಪತ್ರಿಕೆಗಳು ಅಲ್ಲಿ ಕಾಣುವುದೇ ಅಪರೂಪ. ಬರೀ ಯಂತ್ರದ ಪಟ್ಟಿ ಹಾಕಿದರೆ ಮೂವತ್ತು ವರ್ಷ ಬರೆದ ಮೇಷ್ಟ್ರ ಪುಟದಲ್ಲಿ ಎರಡೇ ಸಾಲು, ನಿನ್ನೆ ಸೇರಿದವರ ಪುಟದಲ್ಲಿ ನಲವತ್ತು. ಹಾಗಾಗಿ ಕೈಯಿಂದ ಸೇರಿಸುವ ದಾರಿ ಇರಲೇಬೇಕು, ಅದನ್ನು ಅವರ ಪರವಾಗಿ ಮಾಡಿಕೊಡುವ ಒಬ್ಬರೂ ಇರಬೇಕು. ಉಲ್ಲೇಖಗಳ ಎಣಿಕೆ, ಅದರಿಂದ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಅನ್ನುವ ಅಂಕ ಪುಟದ ತಲೆಯ ಮೇಲೆ ಹಾಕುವುದಕ್ಕೆ ನಾನಂತೂ ವಿರೋಧಿ. ಓದಲು ಬಂದವರಿಗೆ ಅದರಿಂದ ಏನೂ ಸಿಗುವುದಿಲ್ಲ, ಒಳಗೆ ಮಾತ್ರ ಜಗಳ ಜಾಸ್ತಿ ಆಗುತ್ತದೆ.

ದೊಡ್ಡ ವ್ಯವಸ್ಥೆಗಳು

ಸಾವಿರಾರು ಅಧ್ಯಾಪಕರಿದ್ದರೆ ಶೀಟ್ ಆಟ ನಡೆಯುವುದಿಲ್ಲ. ಆಗ ಎರಡು ದಾರಿ: ಮುಕ್ತ ಸಾಫ್ಟ್‌ವೇರ್, ಅಥವಾ ಕೊಂಡುಕೊಳ್ಳುವುದು.

ಮುಕ್ತ ಸಾಫ್ಟ್‌ವೇರಿನಲ್ಲಿ ವಿವೋ ಹಳೆಯ ಹೆಸರು, 2003ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ವ್ಯಕ್ತಿ, ಪೇಪರ್, ಅನುದಾನ, ವಿಭಾಗ ಎಲ್ಲವನ್ನೂ ಬಲೆಯ ಹಾಗೆ ಹೆಣೆದು ಇಡುತ್ತದೆ, ಆ ಯೋಚನೆ ನನಗೆ ತುಂಬಾ ಇಷ್ಟ. ಆದರೆ ಜಾವಾ, ಟಾಮ್‌ಕ್ಯಾಟ್, ಸೋಲರ್ ಥರದ ಸರ್ವರ್ ತಂತ್ರಜ್ಞಾನ ಗೊತ್ತಿರುವವರು ಬೇಕು, ಜೊತೆಗೆ ಆಂಟಾಲಜಿ (ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಅನ್ನುವ ನಿಯಮಗಳ ಪಟ್ಟಿ) ಅಂದರೆ ಓಡಿಹೋಗದವರು ಬೇಕು. ಅಂಥ ಒಬ್ಬರನ್ನು ನಂಬಿ ಹಾಕಿಸಿ, ಅವರು ಕೆಲಸ ಬಿಟ್ಟರೆ ಅದನ್ನು ಮುಟ್ಟುವವರೇ ಇರುವುದಿಲ್ಲ. ಲೈಬ್ರರಿಯಲ್ಲಿ ಆಗಲೇ ಪ್ರಬಂಧಗಳನ್ನು ಕೂಡಿಡುವ ಡಿಸ್ಪೇಸ್ ಓಡುತ್ತಿದ್ದರೆ ಅದರ ಮೇಲೆಯೇ ಕಟ್ಟಿದ ಡಿಸ್ಪೇಸ್-ಕ್ರಿಸ್ ಜಾಸ್ತಿ ಸಲೀಸು. ಪ್ರಬಂಧಗಳ ಪಿಡಿಎಫ್ ಅಲ್ಲೇ ಇರುತ್ತವೆ, ಬರೆದವರ ಪುಟವೂ ಪಕ್ಕದಲ್ಲೇ ಇರುತ್ತದೆ.

ಕೊಂಡುಕೊಳ್ಳುವುದರಲ್ಲಿ ಎಲ್ಸೆವಿಯರ್‌ನ ಪ್ಯೂರ್, ಡಿಜಿಟಲ್ ಸೈನ್ಸ್‌ನ ಸಿಂಪ್ಲೆಕ್ಟಿಕ್ ಎಲಿಮೆಂಟ್ಸ್ ಹೆಚ್ಚು ಕೇಳಿಬರುವ ಹೆಸರುಗಳು. ಎರಡೂ ಸಿಬ್ಬಂದಿ ದಾಖಲೆಗೆ ಜೋಡಿಕೊಳ್ಳುತ್ತವೆ, ಹಾಗಾಗಿ ರಿಟೈರ್ ಆದವರ ಕಥೆ ತಾನಾಗಿ ಬಗೆಹರಿಯುತ್ತದೆ. ಎಲಿಮೆಂಟ್ಸ್ ಹಲವು ಮೂಲಗಳಿಂದ ಪೇಪರ್ ಹುಡುಕಿ ತಂದು "ಇದು ನಿಮ್ಮದಾ?" ಅಂತ ಮೇಲ್ ಕಳಿಸುತ್ತದೆ. ಹೌದು ಅಥವಾ ಅಲ್ಲ ಅಂತ ಒತ್ತಿದರೆ ಮುಗಿಯಿತು. ತುಂಬಿ ಅನ್ನುವುದಕ್ಕಿಂತ ಒಪ್ಪಿ ಅನ್ನುವುದು ಎಷ್ಟು ಸುಲಭ ನೋಡಿ. ಪ್ಯೂರ್‌ನ ಬಹಿರಂಗ ಪುಟಗಳು ನೋಡಲು ಚೆಂದ, ಪೇಪರ್‌ಗಳ ಸಾರಾಂಶದಿಂದ ವಿಷಯಗಳನ್ನು ತಾನೇ ಹೆಕ್ಕಿ ತೋರಿಸುತ್ತದೆ. ಬೆಲೆ ಮಾತ್ರ ಕೊಟೇಶನ್ ತರಿಸಿಯೇ ನೋಡಬೇಕು. ಮಾರಲು ಬಂದವರನ್ನು ಒಂದು ಪ್ರಶ್ನೆ ಕೇಳದೆ ಕಳಿಸಬೇಡಿ: ಒಪ್ಪಂದ ಮುಗಿದ ದಿನ ನಮ್ಮ ಡೇಟಾ ಯಾವ ರೂಪದಲ್ಲಿ ಕೊಡುತ್ತೀರಿ, ಈಗಲೇ ಒಂದು ಸ್ಯಾಂಪಲ್ ಫೈಲ್ ತೋರಿಸಿ. ಬರೀ ಡೈರೆಕ್ಟರಿಗೋಸ್ಕರ ಇವನ್ನು ಕೊಳ್ಳುವುದು ದುಂದು. ಅನುದಾನದ ಲೆಕ್ಕ, ವಾರ್ಷಿಕ ವರದಿ, ಬಡ್ತಿಯ ಅರ್ಜಿ ಎಲ್ಲವನ್ನೂ ಅದರಿಂದಲೇ ತೆಗೆಯುತ್ತೇವೆ ಅನ್ನುವುದಾದರೆ ಮಾತ್ರ ಸರಿ. ಆಗ ಅಧ್ಯಾಪಕರಿಗೂ ಅದನ್ನು ಸರಿಯಾಗಿ ಇಟ್ಟುಕೊಳ್ಳಲು ಸ್ವಂತ ಕಾರಣ ಇರುತ್ತದೆ.

ವಿಕಿಪೀಡಿಯದ ಬಳಗದ ಮಾಹಿತಿ ಕಣಜವಾದ ವಿಕಿಡೇಟಾದಲ್ಲಿ ಹಾಕಿಬಿಡೋಣ, ಅದರಿಂದ ಓದುವ ಸ್ಕಾಲಿಯಾ ತಾನೇ ಪುಟ ಮಾಡಿಕೊಡುತ್ತದೆ ಅನ್ನುವವರೂ ಇದ್ದಾರೆ. ನೋಡಲು ಮಜಾ ಇದೆ, ಜೊತೆಗೆ ಇರಲಿ. ಯಾರು ಬೇಕಾದರೂ ತಿದ್ದಬಹುದಾದ ಜಾಗವನ್ನು ಅಧಿಕೃತ ಪಟ್ಟಿ ಮಾಡಿಕೊಳ್ಳಲು ನನಗೆ ಧೈರ್ಯ ಸಾಲದು.

ಯಾವುದನ್ನು ಆರಿಸಿದರೂ ಬಿಡದ ಕೆಲಸಗಳು

ಪುಟದ ವಿಳಾಸದಲ್ಲಿ ವಿಭಾಗದ ಹೆಸರು ಬೇಡ. ವಿಭಾಗಗಳು ಒಡೆಯುತ್ತವೆ, ಕೂಡುತ್ತವೆ, ಹೆಸರು ಬದಲಿಸುತ್ತವೆ, ಆಗ ಹೊರಗಿನಿಂದ ಕೊಟ್ಟ ಲಿಂಕ್‌ಗಳೆಲ್ಲ ಸಾಯುತ್ತವೆ. ಒಳಗೆ ಗುರುತಿಗೆ ಸಿಬ್ಬಂದಿ ಸಂಖ್ಯೆ ಇಟ್ಟುಕೊಳ್ಳಿ, ಹೆಸರನ್ನಲ್ಲ. ಹೋದವರ ಪುಟ ಅಳಿಸಬೇಡಿ, "ಈಗ ಇಲ್ಲಿ ಇಲ್ಲ" ಅಂತ ಮೇಲೆ ಬರೆದು, ಪಟ್ಟಿಯಿಂದ ಮಾತ್ರ ತೆಗೆಯಿರಿ. ಖಾಸಗಿ ಮೊಬೈಲ್ ನಂಬರ್, ಹುಟ್ಟಿದ ದಿನ, ಮನೆ ವಿಳಾಸ ಯಾರು ಹಾಕಿ ಅಂದರೂ ಹಾಕಬೇಡಿ.

ಆಸಕ್ತಿಯ ವಿಷಯಗಳನ್ನು ಸುಮ್ನೆ ಖಾಲಿ ಪೆಟ್ಟಿಗೆ ಕೊಟ್ಟು ಬರೆಯಿರಿ ಅಂದರೆ ಒಬ್ಬರು "ಎಐ" ಅನ್ನುತ್ತಾರೆ, ಇನ್ನೊಬ್ಬರು ಅದನ್ನೇ ಬಿಡಿಸಿ ಬರೆಯುತ್ತಾರೆ, ಮತ್ತೊಬ್ಬರು ಒಂದು ಪ್ಯಾರಾ ಬರೆಯುತ್ತಾರೆ, ಹುಡುಕಿದರೆ ಮೂವರೂ ಒಟ್ಟಿಗೆ ಸಿಗುವುದಿಲ್ಲ. ಟೈಪ್ ಮಾಡುವಾಗ ಆಗಲೇ ಇರುವ ವಿಷಯಗಳನ್ನು ತೋರಿಸಿ ಆರಿಸಿಕೊಳ್ಳಲು ಬಿಡಿ. ಇನ್ನು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರಾ ಅನ್ನುವ ಕಾಲಂಗೆ ಅವಧಿ ಕಟ್ಟಿ. ವರ್ಷಕ್ಕೊಮ್ಮೆ ಹೌದು ಅಂತ ಒಂದು ಮೇಲಿಗೆ ಉತ್ತರಿಸದಿದ್ದರೆ ಆ ಸಾಲು ತಾನಾಗಿ ಮಾಯ ಆಗಬೇಕು. ಆ ಹುಡುಗಿಯ ಮೇಲ್ ಬಂದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ ಇದೇ.

ಇನ್ನೂ ತೀರ್ಮಾನ ಆಗಿಲ್ಲವಾ? ಈಗಿರುವ ಪಟ್ಟಿಯಿಂದ ಕಣ್ಣುಮುಚ್ಚಿ ಹತ್ತು ಹೆಸರು ಆರಿಸಿ, ಪ್ರತಿಯೊಬ್ಬರ ಪುಟದಲ್ಲೂ ಏನು ತಪ್ಪಿದೆ ಅಂತ ಗುರುತು ಹಾಕಿ. ತಪ್ಪುಗಳು ಹುದ್ದೆ, ವಿಭಾಗದಲ್ಲಿ ಇದ್ದರೆ ಹೊಸ ಸಾಫ್ಟ್‌ವೇರ್ ಬೇಡ, ತಿಂಗಳಿಗೊಮ್ಮೆ ಆಡಳಿತ ಕಚೇರಿಯಿಂದ ಒಂದು ಫೈಲ್ ಬರುವ ಏರ್ಪಾಡು ಬೇಕು. ಪೇಪರ್ ಪಟ್ಟಿ ಹಳೆಯದಾಗಿದ್ದರೆ ಆರ್ಕಿಡ್ ಹಿಡಿದುಕೊಂಡು ಕೊಠಡಿ ಸುತ್ತುವ ಕೆಲಸ ಶುರು ಮಾಡಿ. ಬರೆದದ್ದೆಲ್ಲ ಸರಿಯೇ ಇದ್ದು ಓದಿದರೆ ಅವರು ಏನು ಮಾಡುತ್ತಾರೆ ಅಂತಲೇ ಗೊತ್ತಾಗದಿದ್ದರೆ, ಚೆನ್ನಾಗಿ ಬರೆಯಬಲ್ಲ ಒಬ್ಬ ವಿದ್ಯಾರ್ಥಿಗೆ ಸಂಭಾವನೆ ಕೊಟ್ಟು, ಪ್ರತಿಯೊಬ್ಬರ ಎದುರು ಅರ್ಧ ಗಂಟೆ ಕೂರಿಸಿ, ಮೂರು ಸಾಲು ಬರೆಸಿ. ನಾನು ಹೀಗೆ ಎಣಿಸಿದಾಗ ತಪ್ಪು ಬಹುಪಾಲು ಮೊದಲ ಬಗೆಯದ್ದು. ಹೊಸ ವೆಬ್‌ಸೈಟಿನ ಪ್ರಸ್ತಾವ ಮಡಚಿ ಡ್ರಾಯರಿನಲ್ಲಿ ಇಟ್ಟು, ಆಡಳಿತ ಕಚೇರಿಯ ಮೆಟ್ಟಿಲು ಹತ್ತಿದೆ.